ಒತ್ತಕ್ಷರ

ಎರಡು ವಯರು ಮಾತ್ರ ಉಳಿದಿತ್ತು,
ಒಂದು ಕೆಂಪು, ಒಂದು ಕಪ್ಪು.
ಹಲ್ಲು ಕಿತ್ತ ಬಾಯಿಯ ಹಾಗೆ ಪೆಟ್ಟಿಗೆ.
ಸೊಳ್ಳೆಪರದೆ ಇತ್ತು. ಬಕೆಟು ಇತ್ತು.
ಗ್ಯಾಸಿನ ಅಂಡೆ ಇಲ್ಲ, ಹದಿನಾಲ್ಕರ ಪಾನಾ ಇಲ್ಲ,
ಮಡಚುವ ಕುರ್ಚಿ ಎರಡರಲ್ಲಿ ಒಂದು ಇಲ್ಲ.
ಒಬ್ಬನೇ ಬಂದಿರಬೇಕು,
ಕೂತುಕೊಳ್ಳುವ ಆಸೆ ಇದ್ದವನು.

ಕಣ್ವತೀರ್ಥದ ಗಾಳಿಮರಗಳ ಕೆಳಗೆ
ನನ್ನ ಗಾಡಿ ನಿಂತು ಇದು ಮೂರನೇ ವರ್ಷ.
ಹೊಸಂಗಡಿಯ ಗ್ರೆಗರಿ ಬೆಸುಗೆ ಹಾಕಿ ಕೊಟ್ಟದ್ದು:
ಎರಡು ಚಕ್ರ, ಮಲಗಲು ಎರಡು ಹಲಗೆ,
ಒಂದು ಫ್ಯಾನು, ಮಾಡಿನ ಮೇಲೆ ಸೋಲಾರು.
ಜೀಪಿಗೆ ಕಟ್ಟಿದರೆ ಎಲ್ಲಿಗೂ ಬರುತ್ತದೆ;
ಎಲ್ಲಿಗೂ ಹೋದದ್ದಿಲ್ಲ.
ಕಡಲು ನೋಡಲು ಬಂದವರು ಒಂದು ರಾತ್ರಿ ಮಲಗಿ
ಬೆಳಿಗ್ಗೆ ಬೆನ್ನುನೋವು ಅನ್ನುತ್ತಾರೆ, ಹಣ ಕೊಡುತ್ತಾರೆ.
ಹದಿನೆಂಟು ವರ್ಷ ಬೀಡಿ ಕಟ್ಟಿದ ಬೆರಳು ನನ್ನದು,
ನೋಟನ್ನೂ ಇಪ್ಪತ್ತೈದಕ್ಕೊಂದು ಕಟ್ಟು ಮಾಡಲು ಹೋಗುತ್ತದೆ.
ಇಪ್ಪತ್ತೈದು ಆಗುವುದಿಲ್ಲ, ಅದು ಬೇರೆ.

ಬುದ್ಧಿ ಹೇಳಲು ಬಂದವರು ಬಹಳ.
ನಾಯಿ ಸಾಕು, ಅಂದ ಗ್ರೆಗರಿ.
ಕ್ಯಾಮರಾ ಹಾಕು, ಅಂದ ಭಾವ.
ಅದಕ್ಕೆ ಕರೆಂಟು ಎಲ್ಲಿಂದ ಮಾರಾಯ,
ಬ್ಯಾಟರಿಯಿಂದ ತಾನೆ?
ಅತ್ತೆ ಕೊರಗಜ್ಜನಿಗೆ ಚಕ್ಕುಲಿ ಹೇಳಿಕೊಂಡರು.
ಠಾಣೆಯಲ್ಲಿ ಒಂದು ಕಾಗದ ಕೊಟ್ಟರು, ಮಲಯಾಳದಲ್ಲಿ.
ಹೋದದ್ದು ಏನೇನು ಎಂದು ತಿಳಿಯಲು
ಪಕ್ಕದ ಮನೆಯವರಲ್ಲಿ ಓದಿಸಿಕೊಂಡೆ.

ನಾನು ಮಾಡಿದ್ದು ಒಂದೇ, ಅದೂ ಮೊದಲೇ.
ಬ್ಯಾಟರಿ ತಂದ ಸಂಜೆ ಮಗನ ಕೈವಾರ ತೆಗೆದು
ಅದರ ಬೆನ್ನಿನಲ್ಲಿ ಹೆಸರು ಕೊರೆದಿದ್ದೆ.
ಮುಳ್ಳು ಬಾಗಿತು, ಮಗ ಅತ್ತ.
ಮರುದಿನ ಅವನಿಗೆ ಗಣಿತದ ಪರೀಕ್ಷೆ.

ಉಪ್ಪಳ, ಬಂದ್ಯೋಡು, ಕುಂಬಳೆ:
ಗುಜರಿಯಿಂದ ಗುಜರಿಗೆ ನಡೆದೆ.
ಸತ್ತ ಬ್ಯಾಟರಿಗಳ ಸಾಲು, ಮೂಗಿಗೆ ಹತ್ತುವ ಹುಳಿ ವಾಸನೆ.
ನಾಲ್ಕನೆಯ ಅಂಗಡಿಯಲ್ಲಿ, ತಗಡಿನ ಕೆಳಗೆ,
ನನ್ನದು.

"ಹೆಸರಾ? ನಾನು ಬಳ್ಳಿ ಅಂದುಕೊಂಡೆ,"
ಅಂದ ಪಯ್ಯನ್ನೂರಿನ ಕುಂಞಂಬು,
"ಕಂಪೆನಿಯವರು ಬಿಡಿಸಿದ ಹೂಬಳ್ಳಿ."
ಚಹಾ ತಂದ ಮಿಸ್ರಿಯಾ ಬಗ್ಗಿ ನೋಡಿದಳು.
ಏಳನೇ ಕ್ಲಾಸು, ಕನ್ನಡ ಮೀಡಿಯಂ.
"ಕ-ಮ-ಲಾ-ಕ್ಕಿ," ಓದಿ ನಕ್ಕೇ ನಕ್ಕಳು.
"ಯಾವ ಅಕ್ಕಿ ಚಿಕ್ಕಮ್ಮಾ, ಕುಚ್ಚಿಲಕ್ಕಿಯಾ?"

ಕಮಲಾಕ್ಷಿ ನಾನು.
ಕಕ್ಕೆ ಷದ ಒತ್ತು ಬರುವ ಮೊದಲೇ
ಶಾಲೆ ಬಿಟ್ಟು ಎಲೆ ಕತ್ತರಿಸಲು ಕೂತವಳು.

"ಯಾರು ಬಂದರೂ ತನ್ನದು ಅಂದಾರು,"
ಕುಂಞಂಬು ಬಿಲ್ಲಿನ ಪುಸ್ತಕ ತಳ್ಳಿದ.
"ಬರಿ."
ಹುಡುಗಿ ನಕ್ಕಳಲ್ಲ, ಈಗ ತಿದ್ದಿ ಬರೆಯಬೇಕೆ?
ಪೆನ್ನು ಒಂದು ಕ್ಷಣ ನಿಂತಿತು.
ಕೈ ನನ್ನನ್ನು ಕೇಳಲಿಲ್ಲ,
ತನಗೆ ಗೊತ್ತಿದ್ದ ಹಾಗೆ ಬರೆಯಿತು.

ಓದಲು ಬಾರದ ಮನುಷ್ಯ
ಕಾಗದವನ್ನು ಬ್ಯಾಟರಿಯ ಬದಿಗೆ ಹಿಡಿದು
ಸುರುಳಿ ಸುರುಳಿಗೂ ಬೆರಳು ಓಡಿಸಿದ,
ಬೀಗದ ಕೈಯ ಹಲ್ಲು ನೋಡುವವರಂತೆ.
"ಅದೇ ಬಳ್ಳಿ," ಅಂದ.

ತಾನು ಕೊಟ್ಟ ಸಾವಿರದ ನೂರನ್ನು ವಾಪಸು ತೆಗೆದುಕೊಂಡ.
ಮಾರಿದವನು ಯಾರು ಕೇಳಿದರೆ
"ಚಪ್ಪಲಿ ಒದ್ದೆ ಇತ್ತು" ಅಂದ, ಅಷ್ಟೆ.
ನಮ್ಮ ಕಡೆ ಯಾರ ಚಪ್ಪಲಿ ಒದ್ದೆ ಇಲ್ಲ?

ಈಗ ಎಲ್ಲದರ ಮೇಲೂ ಕೊರೆದಿದ್ದೇನೆ:
ಹೊಸ ಅಂಡೆ, ಪಾನಾ, ಬಕೆಟಿನ ತಳ.
ಪೆಟ್ಟಿಗೆಗೆ ಗ್ರೆಗರಿ ಕಬ್ಬಿಣದ ಪಟ್ಟಿ ಹೊಡೆದು
ಎರಡು ಬೀಗ ಜಡಿದಿದ್ದಾನೆ, ಇರಲಿ.
ಮಗ ಹೊಸ ಕೈವಾರ ಹಿಡಿದು ಬಂದ:
"ಅಮ್ಮಾ, ತಪ್ಪಿದೆ, ಒತ್ತು ನಾನು ಸರಿ ಮಾಡುತ್ತೇನೆ."
ಬೇಡ, ಅಂದೆ.
ಸರಿಯಾಗಿ ಯಾರು ಬೇಕಾದರೂ ಬರೆದಾರು.

ಕುರ್ಚಿ ಮಾತ್ರ ಬರಲಿಲ್ಲ.
ಈ ಕಡಲಂಚಿನಲ್ಲೇ ಎಲ್ಲೋ, ಸಂಜೆ,
ಹೆಸರಿಲ್ಲದ ಕುರ್ಚಿ ಬಿಡಿಸಿ ಅವನೂ ಕೂತಿರುತ್ತಾನೆ.
ಉಳಿದದ್ದರಲ್ಲಿ ನಾನು,
ಒಳಗೆ ಫ್ಯಾನು ತಿರುಗುತ್ತಿದೆಯಾ ಎಂದು
ಕಿವಿ ಅತ್ತ ಕೊಟ್ಟು.