ಮುಂದಿನ ವರ್ಷದ ಕೆಂಪು

ಕಿಹ್ನು ದ್ವೀಪಕ್ಕೆ ದೋಣಿ ಯಾವಾಗ ನಿಲ್ಲುತ್ತದೋ
ಮಂಜುಗಡ್ಡೆ ಹೇಳಿ ಬರುವುದಿಲ್ಲ,
ಲೆಕ್ಕ ಅಕ್ಟೋಬರಿನಲ್ಲೇ ಮುಗಿಯಬೇಕು.

ಆರು ಕುರಿ. ಒಂಬತ್ತು ಕಿಲೋ ಉಣ್ಣೆ.
ತೊಳೆದರೆ ಮೂರರಲ್ಲೊಂದು ಪಾಲು ನೀರಿನದು:
ಜಿಡ್ಡು, ಮರಳು, ಜುನಿಪರ್ ಮುಳ್ಳು,
ಬೇಲಿ ನುಗ್ಗುವ ಆ ಕಳ್ಳ ಟಗರಿನ ಪಾಪ.
ಉಳಿದದ್ದು ಆರು. ಹಿಂಜುವಾಗ ಇನ್ನರ್ಧ ಹೋಯಿತು.
ಐದೂವರೆ ಎಂದು ಬರೆದುಕೊಳ್ಳುತ್ತೇನೆ
ಪ್ರೀಡುವಿನ ಮೀನಿನ ಲೆಕ್ಕದ ಪುಸ್ತಕದಲ್ಲಿ, ಹಿಂದಿನಿಂದ.
ಅವನ ಹೆರಿಂಗ್ ಪೆಟ್ಟಿಗೆಗಳು ಆ ಕಡೆಯಿಂದ ಬರುತ್ತಿವೆ,
ನನ್ನ ಲಡಿಗಳು ಈ ಕಡೆಯಿಂದ ಹೋಗುತ್ತಿವೆ.
ಒಂದು ದಿನ ಒಂದೇ ಪುಟಕ್ಕೆ ಜಗಳವಾಗುತ್ತದೆ.

ಜೂನಿನಲ್ಲಿ ತೀಯುವಿನ ಮದುವೆ.
ಅವಳಿಗೆ ಲಂಗ, ನನಗೆ ಲಂಗ.
ಗಂಡಿನ ಕಡೆಯವರಿಗೆ ಕೈಗವಸು, ನಲವತ್ತು ಜೊತೆ.
ಆ ಸಾಲಿನ ಪಕ್ಕ ತೀಯು ಗೀಚಿದ್ದಾಳೆ:
ಅಷ್ಟು ಜನ ಇದ್ದಾರಾ?
ಇಲ್ಲ ಮಗಳೇ. ಮದುವೆಯ ದಿನ ಹುಟ್ಟಿಕೊಳ್ಳುತ್ತಾರೆ.

ಹಾಸಿನ ಎಳೆಗೆ ಬಿಗಿ ಹುರಿ, ಹೊಕ್ಕಿನದಕ್ಕೆ ಸಡಿಲ.
ಮಾದರಿಗೆ ಗೇಣುದ್ದ ನೂಲು ರಟ್ಟಿಗೆ ಸುತ್ತಿ
ಕಿಟಕಿಗೆ ನೇತುಹಾಕು: ಜನವರಿಯ ಕೈ
ಅಕ್ಟೋಬರಿನ ಕೈಯನ್ನು ಮರೆಯುತ್ತದೆ.
ಕೆಂಪನ್ನು ಮಾತ್ರ ಒಂದೇ ಹಂಡೆಯಲ್ಲಿ ಅದ್ದಬೇಕು.
ಎರಡನೆಯ ಹಂಡೆ ಮೊದಲನೆಯದಕ್ಕೆ
ತಂಗಿಯಲ್ಲ, ನಾದಿನಿ.

ಕೆಂಪು ಎಷ್ಟು ಬೇಕು ಎಂಬಲ್ಲಿ ಪೆನ್ಸಿಲ್ ನಿಂತಿತು.
ಇಲ್ಲಿ ಹೇಗಿದ್ದೀಯೆಂದು ಯಾರೂ ಕೇಳುವುದಿಲ್ಲ,
ಲಂಗ ನೋಡುತ್ತಾರೆ.
ಸಾವಿನ ಮನೆಯವಳಿಗೆ ಕಪ್ಪು, ಕಡುನೀಲಿ;
ಆಮೇಲೆ ಒಂದೊಂದೇ ಪಟ್ಟೆಯಾಗಿ
ಕೆಂಪು ಅನುಮತಿ ಕೇಳುತ್ತ ಒಳಗೆ ಬರುತ್ತದೆ.
ಅತ್ತೆ ಅಲ್ವೀನೆ ಹೋದದ್ದು ಮಾರ್ಚಿನಲ್ಲಿ.
ಅಂದಿನಿಂದ ಸಲ್ಮೆಯಿಂದ ಎರವಲು ತಂದ ಕಪ್ಪು ನನ್ನ ಸೊಂಟದಲ್ಲಿದೆ.
ಜೂನಿಗೆ ಹದಿನೈದು ತಿಂಗಳು.
ಎಷ್ಟು ಬೆರಳು ಕೆಂಪು ಸಲ್ಲುತ್ತದೆ?
ಸಲ್ಮೆಯನ್ನು ಕೇಳಬೇಕು, ಎಂದು ಬರೆದೆ.

ಬಣ್ಣದ ಬೇರು ಹುಡುಕಲೆಂದು
ಅಟ್ಟದ ಪೆಟ್ಟಿಗೆ ತೆರೆದದ್ದು.
ಮೇಲೆ ಪತಂಗ ಓಡಿಸುವ ಒಣ ಸೊಪ್ಪು, ಕೆಳಗೆ ಲಡಿಗಳು,
ಒಂದೊಂದಕ್ಕೂ ಬೆಂಕಿಪೊಟ್ಟಣದ ಚೀಟಿ.

ಒಂದು. ಕಡುನೀಲಿ. ಮೊದಲ ಚಳಿಗಾಲಕ್ಕೆ.
ಎರಡು. ನೇರಳೆ. ಬೇಸಿಗೆ ಬಂದ ಮೇಲೆ. ಅತಿ ಬೇಡ.
ಮೂರು. ಕೆಂಪು, ಬೆರಳಗಲ. ಜನ ಏನಾದರೂ ಅನ್ನಲಿ.

ಕೆಳಗೆ ನನ್ನ ಸೊಂಟದ ಅಳತೆ,
ಇರುವುದಕ್ಕಿಂತ ಎರಡಂಗುಲ ಹೆಚ್ಚು:
ಅಷ್ಟು ದೂರದ ಯೋಚನೆ!

ಇಪ್ಪತ್ತಾರು ಚಳಿಗಾಲ
ಒಂದೇ ದೀಪದಡಿ ಎರಡು ರಾಟೆ.
ಆ ನೀಲಿ ಕಾಲ್ಚೀಲಕ್ಕೆಂದು ನಾನು ತಿಳಿದಿದ್ದೆ.
ತನ್ನ ಸಾವಿಗೆ ನಾನು ಉಡಬೇಕಾದದ್ದನ್ನು
ನನ್ನೆದುರೇ ನೂಲುತ್ತ, ಸೂಪಿಗೆ ಉಪ್ಪು ಕಡಿಮೆ ಅಂದವಳು.
'ನೂಲಿನಂತೆ ಲಂಗ' ಎನ್ನುತ್ತಿದ್ದಳು,
'ಅತ್ತೆಯಂತೆ ಸೊಸೆ' ಎಂದು ಮುಗಿಸುವ ಮೊದಲೇ
ತುಂಡಾದ ಎಳೆಗೆ ಉಗುಳು ಹಚ್ಚಿ ಸೇರಿಸುತ್ತ
ಮಾತು ಮರೆಸುತ್ತಿದ್ದಳು.

ತಳದಲ್ಲಿ ಹಿಟ್ಟಿನ ಚೀಲ.
ಒಳಗೆ ನೂಲದ ಉಣ್ಣೆ, ಕೆಂಪು,
ಎಷ್ಟೆಂದರೆ ಅಟ್ಟದ ಕತ್ತಲೆ ಹಿಂದೆ ಸರಿಯಿತು.

ನಾಲ್ಕು. ಇದು ನನ್ನ ಕೈಯಲ್ಲಿ ಆಗಲಿಲ್ಲ. ಕಣ್ಣು.
ತೀಯುವಿನ ಮದುವೆಗೆ ನೀನೇ ನೂಲಿಕೊ.
ಎರಡು ಲಂಗಕ್ಕೆ ಸಾಕು, ತೂಗಿದ್ದೇನೆ.
ಎಡಕ್ಕೆ ತಿರುಗಿಸು. ನಿನಗೆ ಯಾವಾಗಲೂ ಮರೆಯುತ್ತದೆ.

ತೀಯು ಆಗಿನ್ನೂ ಹುಡುಗನ ಹೆಸರನ್ನೂ ಹೇಳಿರಲಿಲ್ಲ.

ಪುಸ್ತಕದಲ್ಲಿ ಸಲ್ಮೆಯ ಸಾಲು ಹೊಡೆದುಹಾಕಿದೆ.
ಬಣ್ಣದ ಸಾಲನ್ನೂ. ಕೈಗವಸು ನಲವತ್ತೇ ಇರಲಿ.
ದೀಪದಡಿ ರಾಟೆ ಒಂದೇ.
ಚಿಟಿಕೆ ಕೆಂಪು ಎಳೆದು ಕಾಲೊತ್ತಿದೆ,
ಚಕ್ರ ಹೊರಟಿತು.

ಮೊದಲ ಗಜ ಬಲಕ್ಕೇ ತಿರುಗಿತ್ತು.
ಬಿಚ್ಚಿದೆ.