ಲೊಕೇಶನ್ ನೋಡಾಕ ಹೋಗಿದ್ದು

ನಾ ಮದುವಿ ವಿಡಿಯೋ ಮಾಡಾಂವ.
ಅಕ್ಷತಿ ಬೀಳೂ ಹೊತ್ತಿಗೆ ಎಲ್ಲಿ ನಿಲ್ಲಬೇಕು
ಅನ್ನೂದಷ್ಟ ಬಲ್ಲೆ.
‘ತುಕ್ಕು’ ಅಂತ ಹೆಸರಿಟಗೊಂಡ ನಾಲ್ಕ ಮಂದಿ
ಕೇಶ್ವಾಪುರದ ನನ್ನ ಅಂಗಡಿಗೆ ಬಂದು
ಹದಿನೆಂಟ ಸಾವಿರ ಟೇಬಲ್ ಮ್ಯಾಲಿಟ್ಟು
‘ಕಪ್ಪಗಿರಬೇಕ್ರಿ ಅಣ್ಣಾ, ಪೂರಾ ಕಪ್ಪು’ ಅಂದ್ರು.

ಫಕ್ಕೀರೇಶನ ಚೀಟಿಯೊಳಗ ಬರದಿತ್ತು:
ಸುಡುಗಾಡು. ಕಾಗಿ. ಮಂಜು. ಹಾಳ ಗುಡಿ.
ಮಂಜಿಗೆ ನನ್ನ ಹತ್ರ ಮಷೀನ ಐತಿ,
ಮದುಮಗಳು ಸ್ಟೇಜಿಗೆ ಬರೂಮುಂದ ಬಿಡೂದು.
ಕಾಗಿ ನಿಮ್ಮ ಜವಾಬ್ದಾರಿ, ಅಂದೆ.

ಮಂಟೂರ ರಸ್ತೆ ಸುಡುಗಾಡಿನ್ಯಾಗ ಕಾವಲು ಕಾಯಾಂವ
ಕರೇ ಅಂಗಿ ನೋಡಿ ಎದ್ದು ನಿಂತ:
‘ಯಾರ ಹೋದ್ರು?’
ಯಾರೂ ಹೋಗಿಲ್ಲ ಅನ್ನಾಕ ನಮಗ ನಾಚಿಕಿ ಆತು.
ಚಾ ಕುಡಿಸಿದ. ಗೋರಿ ಮ್ಯಾಲ ಅವನ ಹೆಂಡತಿ
ಸಂಡಿಗಿ ಒಣ ಹಾಕಿದ್ಲು.
ಕಾಗಿ ಬಂದ್ವು ಖರೆ, ಸಂಡಿಗಿಗೆ.
ರೇಣುಕಾ ಮೆಹರವಾಡೆ ಬಾಸ್ ಗಿಟಾರ್ ಕೆಳಗಿಟ್ಟು
ಕಾಗಿ ಓಡಸಕೋತ ನಿಂತ್ಲು.

ಬ್ಯಾಡಗಿ ಪ್ಯಾಟಿ.
ಮುಗಿಲಿನ ಅಂಚಿನ ತನಕಾ ಕೆಂಪು.
ಕಪ್ಪ ಬಿಡ್ರಿ, ಇದ ನೋಡ್ರಿ ನರಕ, ಅಂದೆ.
ಫಕ್ಕೀರೇಶ ಹೊಟ್ಟಿಯೊಳಗಿಂದ ಗರ್ಜನಿ ಎಬ್ಬಿಸಿ
ಬಾಯಿ ತೆರದಾ.
ಮೆಣಸಿನಕಾಯಿ ಘಾಟು ಒಳಗ ಹೋತು,
ಕೆಮ್ಮು ಹೊರಗ ಬಂತು.
ತೊಟ್ಟು ಮುರೀತಿದ್ದ ಹೆಣಮಕ್ಕಳು
ಬಿದ್ದ ಬಿದ್ದ ನಕ್ಕು ಬೆಲ್ಲ ಕೊಟ್ರು.
‘ತಮ್ಮಾ, ನಾವು ಇದರಾಗ ಇಪ್ಪತ್ತ ವರ್ಷಾತು,
ಒಮ್ಮಿನೂ ಕೂಗಿಲ್ಲ’
ಅಂದ್ಲು ಒಬ್ಬಾಕಿ, ನಗು ನಿಲ್ಲಿಸದ.
ಆ ಮಾತ ನಾ ರೆಕಾರ್ಡ ಮಾಡಲಿಲ್ಲ.
ಮಾಡಬೇಕಿತ್ತು.

ರೈಲ್ವೆ ವರ್ಕ್‌ಶಾಪಿಗೆ ಮೂರ ಪ್ರತಿ ಅರ್ಜಿ ಕೊಟ್ವಿ.
ಉತ್ತರ ಇಲ್ಲ.
ಕ್ಲೆಮೆಂಟನ ಅಪ್ಪ ಅಲ್ಲೇ ಮೂವತ್ತೊಂದ ವರ್ಷ
ಸುತ್ತಿಗಿ ಮಷೀನಿನ ಬಾಜೂಕ ನಿಂತಾಂವ,
ಎಡಗಿವಿ ಕೇಳೂದಿಲ್ಲ.
ಕ್ವಾಟರ್ಸಿನ ಪಡಸಾಲ್ಯಾಗ ಹಾಡ ಹಾಕಿದ್ವಿ.
ಸ್ಪೀಕರ್ ಮ್ಯಾಲ ಅಂಗೈ ಇಟ್ಟು, ಕಣ್ಣ ಮುಚ್ಚಿ,
‘ಇಲ್ಲಿ ಒಂದ ಏಟ ತಪ್ಪೇತಿ’ ಅಂದ.
ತಪ್ಪಿತ್ತು.

ಕಪ್ಪತಗುಡ್ಡದ ಗಾಳಿ ರೆಕ್ಕಿ
ಹೊಟ್ಟಿ ತುಂಬ ಉಂಡ ಹಿರ್ಯಾರಂಗ
ಸಾವಕಾಶ ತಿರಗತಿದ್ವು.
ಸಿಟ್ಟ ಹುಡುಕಿ ಹೋದಾವ್ರು ನಾವು.
ಹುಲ್ಲಿನ ವಾಸನಿ ಹೆಂಗಿತ್ತಂದ್ರ
ಡ್ರಮ್ ಇಳಸೂದ ಬಿಟ್ಟು ಕ್ಲೆಮೆಂಟ್ ಮಲಕೊಂಡ.
ಉಳದಾವ್ರ ಉದ್ದ ಕೂದಲಾ
ಅವರವರ ಬಾಯಾಗ ಹೋಗಿತ್ತು.

ರೊಕ್ಕ ಮುಗೀತು. ಡೀಸೆಲ್ಲಿಗೇ ಅರ್ಧ.
ತಿರಗಿ ಬರೂಮುಂದ ನೀರ ಕುಡಿಯಾಕ
ಬೆಟಗೇರಿಯೊಳಗ ಮೌಲಾಲಿ ನದಾಫನ ಮನಿ.
ಅವರಜ್ಜನ ಹತ್ತಿ ಹಿಂಜೂ ಬಿಲ್ಲು
ಗ್ವಾಡಿಗೆ ತೂಗತಿತ್ತು, ಆಳೆತ್ತರ,
ಆಡಿನ ಕರುಳ ಹೊಸದ ಒಂದೇ ಹುರಿ.
‘ಇದನ್ನ ಕೇಳೇ ನಾ ಗಿಟಾರ ಹಿಡದೆ’
ಅಂದ ಮೌಲಾಲಿ. ಇಷ್ಟ ದಿನಾ ಹೇಳಿದ್ದಿಲ್ಲ.

ಅಜ್ಜ ಬಿಲ್ಲ ಇಳಿಸಿದ. ಬಿಚ್ಚಿದ ಗಾದಿಗಳ
ಗಂಟಗಂಟ ಹತ್ತಿ ಮುಂದ
ಕುಕ್ಕರಗಾಲಿಲೆ ಕೂತು
ಕಟಗಿ ಹಿಡಿಲೆ ಹುರಿ ಬಡದಾ.
ಢಂಯ್.
ಆಂಪ್ಲಿಫೈಯರ್ ಇಲ್ಲ, ಕರೆಂಟೂ ಹೋಗಿತ್ತು,
ನನ್ನ ಎದಿ ಎಲಬು ಅಲಗಿತು.
ಢಂಯ್. ಢಂಯ್.
ಯಾರೋ ಹುಟ್ಟಿದ ಗಾದಿ, ಯಾರೋ ಸತ್ತ ಗಾದಿ
ಎದ್ದು ಹಾರಿ ಖೋಲಿ ತುಂಬಿದ್ವು.
ನಾಲ್ಕೂ ಕರೇ ಅಂಗಿ ಬೆಳ್ಳಗಾದ್ವು,
ಹುಬ್ಬು ಬೆಳ್ಳಗಾದ್ವು,
ಫಕ್ಕೀರೇಶ ಚೀಟಿ ಮಡಚಿ ಕಿಸೆದಾಗಿಟ್ಟ.
ಕ್ಯಾಮೆರಾ ಯಾವಾಗ ಚಾಲೂ ಮಾಡಿದೆನೋ
ನನಗ ನೆನಪಿಲ್ಲ.
‘ಇನ್ನೂ ಬಡೀಲೇನು?’ ಕೇಳಿದ ಅಜ್ಜ,
‘ಮೊಣಕಾಲ ನೋಯತಾವಪಾ.’

ಮೊನ್ನೆ ಅಣ್ಣಿಗೇರಿ ಮದುವ್ಯಾಗ
ಎಷ್ಟ ಒರಸಿದ್ರೂ ಲೆನ್ಸಿನ ಒಂದ ಎಳಿ ಹೋಗಲಿಲ್ಲ.
ತಾಳಿ ಕಟ್ಟೂಮುಂದ
ಮದುಮಗನ ಹಣಿ ಮ್ಯಾಲ ಅದು ನಡಗತಿತ್ತು.
ಹುಡಿಗಿ ಅಪ್ಪ ಫೋನ್ ಮಾಡಿ ಬೈದಾ:
ಏನಿದು, ಏನ ಬಿದ್ದೇತಿ ಇದರಾಗ?
ಹತ್ತಿರೀ, ಅಂದೆ.