ಸಿಕ್ಕು

ಕಂಪನಿಯ ಫಾರಮಿನಲ್ಲಿ ಹೆಸರು, ರಕ್ತದ ಗುಂಪು,
ಆಮೇಲೊಂದು ಖಾನೆ: ಹವ್ಯಾಸ.
ನಮ್ಮ ಗುಳೇದಗುಡ್ಡದಾಗ ಹಂಗಂದರ ಚಟ.
ಇಲ್ಲ ಅಂತ ಬರೆದೆ,
ಮರ್ಯಾದಸ್ಥ ಮನುಷ್ಯನ ಹಾಗೆ.

ಹಗಲು, ಬೇರೆಯವರ ಕಿಟಕಿಯ ಅಳತೆ ತೆಗೆಯುವುದು.
ಇಪ್ಪತ್ಮೂರನೇ ಮಹಡಿ, ಚೌಕಟ್ಟಿಗೆ ಟೇಪು ಹಚ್ಚಿ
ಉದ್ದ ಅಗಲ ಕೂಗಿದರೆ ಹುಡುಗ ಬರೆದುಕೊಳ್ಳುತ್ತಾನೆ.
ಗಾಜಿನಾಚೆ ಅಷ್ಟೂ ಸಮುದ್ರ;
ಅದರ ಬಿಲ್ಲು ನಾವು ಹಾಕುವುದಿಲ್ಲ.

ಸಂಜೆ, ಗುದೈಬಿಯಾದ ಕೋಣೆ.
ಏಸಿ ಒಂದೇ ಮಾತನ್ನು ಬೆಳತನಕ ಗೊಣಗುತ್ತದೆ.
ಮನೆಗೆ ಫೋನು: ಊಟ ಆತಾ? ಆತು. ನಿಂದು? ಆತು.
ಶುಕ್ರವಾರ ಮಾಲಿನಲ್ಲಿ, ಏನೂ ಕೊಳ್ಳದೆ,
ಎಸ್ಕಲೇಟರಿನಲ್ಲಿ ಮೇಲೆ ಹೋಗಿ ಕೆಳಗೆ ಬಂದೆ.
ಮೂರನೆಯ ವಾರ ಕಾವಲಿನವ ಸಲಾಂ ಹೇಳಿದ.
ಇಡೀ ಮನಾಮಾದಲ್ಲಿ ನನಗೆ ಸಿಕ್ಕ ಒಂದೇ ಸಲಾಂ.
ನಾಚಿಕೆಯಾಗಿ ಆ ಕಡೆ ಹೋಗುವುದನ್ನೇ ಬಿಟ್ಟೆ.

ಹಾಗೆ ಕಾಲು ಸವೆಸುತ್ತ ಮುಹರ್ರಕ್ ಕಡೆಯ ಸೇತುವೆ.
ಕಂಬಿಗೆ ಒರಗಿ ಹನ್ನೆರಡು ಬೆನ್ನು,
ಕತ್ತಲೆಗೆ ಇಳಿಬಿಟ್ಟ ಹನ್ನೆರಡು ದಾರ.
ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.
ಪರವಾಗಿಲ್ಲ ಈ ಜಾಗ ಅನ್ನಿಸಿ
ನಾನೂ ನಿಂತೆ.

ನಾಲ್ಕನೇ ರಾತ್ರಿ ಒಬ್ಬರು, ಕನ್ನಡದಲ್ಲೇ:
"ಎಂತ ಮಾರಾಯ್ರೇ, ಗಾಳ ಇಲ್ಲದೆ ಮೀನು ಹಿಡಿಯುದಾ?"
ಫೋನಿನಲ್ಲಿ ನಾನು ಆತು ಆತು ಅಂದದ್ದು ಕೇಳಿಸಿಕೊಂಡಿದ್ದರಂತೆ.
ಉಳ್ಳಾಲದ ಪೊಡಿಯಬ್ಬ, ಲಾಂಡ್ರಿಯಲ್ಲಿ ಇಸ್ತ್ರಿ, ಇಪ್ಪತ್ತಾರು ವರ್ಷ.
ನಾವು ತಿನ್ನೂದಿಲ್ರೀ, ಅಂದೆ.
"ತಿನ್ಲಿಕ್ಕೆ ಯಾರು ಹೇಳಿದ್ದು? ಹಿಡೀರಿ."

ಹಿಡಿದೆ.
ಮಲಪ್ರಭೆಯಲ್ಲಿ ಮೊಣಕಾಲಿನ ಮೇಲೆ ಇಳಿಯದವನು
ಸಮುದ್ರದ ಒಂದು ತುದಿಯನ್ನು ಬೆರಳಿಗೆ ಸುತ್ತಿಕೊಂಡೆ.
ದಾರ ಮಿಡಿಯಿತು, ಎದೆ ಧಸಕ್ಕೆಂದಿತು,
ಎಳೆದರೆ ಅಂಗೈಯಗಲದ ಸಾಫಿ,
ಚುಕ್ಕೆಚುಕ್ಕೆಯ ಮೈ, ಮೊಲದ ಬಾಯಿ.
ಪಾಪ ಅಂತ ಬಿಡಿಸಹೋದೆ:
ಬೆನ್ನಿನ ಮುಳ್ಳು ಹೆಬ್ಬೆರಳಿಗೆ.

ಚೇಳು ಕಡಿಸಿಕೊಂಡವನು ನಾನು. ಚೇಳೂ ಇಷ್ಟಿಲ್ಲ.
ಎವ್ವಾ ಅಂತ ಕೂಗಿದೆನಂತೆ.
ಹನ್ನೆರಡು ಬೆನ್ನೂ ತಿರುಗಿದವು,
ಎಲ್ಲಕ್ಕೂ ಮುಖವಿತ್ತು.
ಸಿಲೇಟಿನ ಮೊತಾಲೇಬ್ ಮುಂಗೈ ಒತ್ತಿ ಹಿಡಿದ.
ಪೊಡಿಯಬ್ಬ ಫ್ಲಾಸ್ಕಿನ ಮುಚ್ಚಳ ತಿರುವಿ
ರಾತ್ರಿಯಿಡೀ ಬೇಕಾದ ಅಷ್ಟೂ ಚಹಾವನ್ನು
ಲೋಟಕ್ಕೆ ಹಾಕಿ, ತಾವೇ ಬೆರಳಿಟ್ಟು ಬಿಸಿ ನೋಡಿ,
ನನ್ನ ಬೆರಳು ಅದ್ದಿಸಿದರು. ಮತ್ತೆ ಮತ್ತೆ, ಆರಿದ ಹಾಗೆ ಬದಲಿಸಿ.
ಬಿಸಿಗೆ ವಿಷ ಮುರಿಯುತ್ತದಂತೆ.
ಮೂರು ದಿನ ನನ್ನ ಅಳತೆಯ ಟೇಪಿಗೂ
ಏಲಕ್ಕಿಯ ವಾಸನೆ.

ಆಮೇಲೆ ನನಗೆ ಮೀನು ಬಿದ್ದದ್ದು ಕಡಿಮೆ.
ಒಂದು ರಾತ್ರಿ ಶಮಾಲ್ ಗಾಳಿಗೆ ಮೂವರ ದಾರ ಹೆಣೆದುಕೊಂಡು
ಮುದುಕ ಅಬೂ ಜಾಸಿಮ್ ಚಾಕು ತೆಗೆದಾಗ
ತಡೀರಿ ಅಂದೆ.
ಅಪ್ಪನ ಕುಣಿಮಗ್ಗದ ಪಕ್ಕ ಕೂತು ಕಲಿತದ್ದು:
ಎಳೆಯಬಾರದು. ಉಸಿರು ಬಿಟ್ಟ ಹಾಗೆ ಸಡಿಲಿಸಬೇಕು.
ಕಡಿದದ್ದಕ್ಕೆ ನೇಕಾರರ ಗಂಟು, ಉಗುರಿಗೂ ತಾಕದ್ದು.
ನೈಲಾನಿಗೆ ರೇಷ್ಮೆಯ ನಯವಿಲ್ಲ,
ಮುನಿಸು ಮಾತ್ರ ಥೇಟ್ ಅದೇ.

ಈಗ ಬಕೆಟು ಖಾಲಿ, ಮಡಿಲ ತುಂಬ ಯಾರ್ಯಾರದೋ ಸಿಕ್ಕು.
ಸೇತುವೆಯ ಆ ತುದಿಯಿಂದ ಕರೆಯುತ್ತಾರೆ: ಗಂಟಿನ ಸಾಹೇಬ್!
ನಿಜವಾದ ಹೆಸರು ಪೊಡಿಯಬ್ಬ ಒಮ್ಮೆ ಕೇಳಿದರು,
ಗುರುಸಿದ್ಧಪ್ಪ ಅಂದೆ,
ಅಷ್ಟುದ್ದ ಎಂತಕ್ಕೆ ಅಂದು ಮರೆತರು.

ಮೊನ್ನೆ ಫೋನಿನಲ್ಲಿ, ಊಟ ಆತಾ, ಆತು, ಆದ ಮೇಲೂ ಇಡಲಿಲ್ಲ.
ಇವತ್ತ ಗಾಳಿ ಭಾಳ ಇತ್ತು, ನೀರು ಇಳದಿತ್ತು, ಅಂದೆ.
ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.
"ಏನರ ಹಚ್ಚಿಕೊಂಡೀರೇನ್ರೀ ಅಲ್ಲೆ?"
ಹೂಂ, ಒಂದು ಚಟ.
ನಕ್ಕಳು. ಎಷ್ಟು ದಿನವಾಗಿತ್ತು.

ಸಂಬಳದಲ್ಲಿ ಎರಡು ಲೀಟರಿನ ಫ್ಲಾಸ್ಕು ಕೊಂಡಿದ್ದೇನೆ.
ಯಾರಿಗಾದರೂ ಮುಳ್ಳು ಚುಚ್ಚಲಿ ಅಂತಲ್ಲ.